ಪೂಜೆ ಮಾಡಿದ ಮ್ಯಾಕ್

ರಾಣೆಬೆನ್ನೂರಿನ ಶಿವಲೀಲಾ ಕಂಪ್ಯೂಟರಿನಲ್ಲಿ ಮನೆ, ಗೋದಾಮುಗಳ ನಕ್ಷೆ ಬರೆದು ಬದುಕುವವಳು. 2004ರಲ್ಲಿ ಅವಳ ಹಳೆಯ ಕಂಪ್ಯೂಟರ್ ಕೆಟ್ಟಿತು. ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ನಕ್ಷೆಯನ್ನು ಸೋಮವಾರದೊಳಗೆ ಕೊಡಬೇಕಿತ್ತು, ತಪ್ಪಿದರೆ ಕೆಲಸ ಬೇರೆಯವರ ಪಾಲು. ಮೈದುನ ವೀರಭದ್ರ ಅವಳನ್ನು ಕೇಳದೆಯೇ ಹುಬ್ಬಳ್ಳಿಯಿಂದ ಬಿಳಿ ಮ್ಯಾಕ್ ಕಂಪ್ಯೂಟರ್ ತಂದ. ಅತ್ತೆ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಳು.

ಆಮೇಲೆ ಶಿವಲೀಲಾ ನಕ್ಷೆ ಬರೆಯುವ ತಂತ್ರಾಂಶ ಆಟೊಕ್ಯಾಡ್‌ನ ಸಿ.ಡಿ. ಹಾಕಿದಳು. ನಡೆಯಲಿಲ್ಲ. ಹುಬ್ಬಳ್ಳಿಯ ಅಂಗಡಿಗೆ ಫೋನ್ ಮಾಡಿದಾಗ, ಆ ತಂತ್ರಾಂಶ ವಿಂಡೋಸ್‌ಗೆ ಮಾತ್ರ, ಮ್ಯಾಕ್‌ಗೆ ಬರುವುದೇ ಇಲ್ಲ, ಬೇಕಾದರೆ ಕಂಪ್ಯೂಟರ್ ಬದಲಿಸಿ ಕೊಡುತ್ತೇವೆ ಎಂದರು.

"ಪೂಜಿ ಆದದ್ದು ಹೊಸ್ತಿಲಾ ದಾಟಬಾರದವಾ," ಎಂದಳು ಅತ್ತೆ.

"ಇಷ್ಟು ಭಾರಿ ಮಷೀನ್ ತಂದೇನಿ. ನಡಸಾಕ ಬರೂದಿಲ್ಲ ಅನ್ರಿ ವೈನಿ," ಎಂದು ವೀರಭದ್ರ ನಕ್ಕ.

ಶಿವಲೀಲಾಳ ಮುಖ ಕೆಂಪೇರಿತು. "ದಿನಾ ಅದರ ಮುಂದ ಕುಂದ್ರಾಕಿ ನಾನು. ತರೂ ಮುಂದ ನನ್ನ ಒಂದ್ ಮಾತು ಕೇಳಾಕ ನಿನಗೇನಾಗಿತ್ತು? ನೋಡಾಕ ಚಂದ ಐತಂತ ತಂದ್ರ ನಕ್ಷಿ ತಾನ ಬರಕೋತೈತೇನು?"

ಒದ್ದೆ ಬಟ್ಟೆಯಿಂದ ಮ್ಯಾಕ್ ಮೇಲಿನ ಕುಂಕುಮ ಒರೆಸಿದಳು. ಬೆರಳಿಗೆ ಉಳಿದದ್ದನ್ನು ತನ್ನ ಹಣೆಗಿಟ್ಟುಕೊಂಡು ಅತ್ತೆಗೆ ಹೇಳಿದಳು: "ದೇವರು ನನ್ನ ಕೂಡ ಬರ್ತಾನ್ರಿ."

ಅವಳು ಮ್ಯಾಕನ್ನು ಪೆಟ್ಟಿಗೆಯಲ್ಲಿಟ್ಟು ಎತ್ತಿದಾಗ ವೀರಭದ್ರ ಎದ್ದ. "ಕೊಡ್ರಿ, ನಾ ಹೋಗಿ ಬರತೇನಿ."

"ಬ್ಯಾಡ. ಈ ಸಲ ನಾನ ಕೇಳಿ ತರತೇನಿ."