ಇಂಬಳಕ್ಕೆಂದು ಇಟ್ಟ ಬೀಡಿ

ಹತ್ತು ದಿನದ ಹಿಂದೆ ನನ್ನ ಕಿವಿಯ ಹಿಂದೆ ಒಂದು ಇಂಬಳ ಕಚ್ಚಿತು. (ಪಟ್ಟಣದ ಓದುಗರಿಗೆ: ಇಂಬಳ ಎಂದರೆ ಜಿಗಣೆ.) ಮಳೆಗಾಲದಲ್ಲಿ ನಮ್ಮೂರು ವನಗೂರಿನಲ್ಲಿ ಇದೂ ಒಂದು ಸುದ್ದಿಯೇ? ಅಲ್ಲ. ಆದರೆ ಅದನ್ನು ಬಿಡಿಸಿಕೊಳ್ಳಲು ಹೋಗಿ ನನ್ನ ತಮ್ಮನ ಮೂವತ್ತೆರಡು ದಿನಗಳನ್ನು ನಾನು ಹಾಳು ಮಾಡಿದೆ.

ತಮ್ಮ ಚಂದ್ರು ಇಪ್ಪತ್ತು ವರ್ಷದಿಂದ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದವನು. ಈ ಬೇಸಿಗೆಯಲ್ಲಿ ಏಲಕ್ಕಿ ತೋಟದಿಂದ ಮನೆಗೆ ಏರಿ ಬರುವಾಗ ಮೂರು ಕಡೆ ಕೂರತೊಡಗಿದ. ಸಕಲೇಶಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಕ್ಸ್‌ರೇ ನೋಡಿ ಅವರು ಸುತ್ತುಬಳಸಿ ಮಾತಾಡಲಿಲ್ಲ.

"ಹಿಂಗೇ ಸೇದ್ತಾ ಇದ್ರೆ ಇನ್ನೆರಡು ಮಳೆಗಾಲ. ಆಮೇಲೆ ಗುಡ್ಡ ಹತ್ತೋದು ಮರೆತುಬಿಡಿ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಜೇಬಲ್ಲೂ ಕಾಣ್ತಾ ಇದೆಯಲ್ಲ. ಇಬ್ಬರೂ ಒಟ್ಟಿಗೆ ಬಿಡಿ. ಒಬ್ರು ಸೇದ್ತಾ ಕೂತ್ರೆ ಇನ್ನೊಬ್ರು ಬಿಡೋದು ಕಷ್ಟ."

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅವರು ಹೇಳಿದ್ದನ್ನು ಔಷಧಿ ಚೀಟಿಯ ಹಿಂದೆ ನನಗೆ ತಿಳಿದಂತೆ ಗೀಚಿಕೊಂಡೆ. ಬಿಡುವ ದಿನ ಮೊದಲೇ ಗೊತ್ತು ಮಾಡಿ, ನಾಲ್ಕು ಜನಕ್ಕೆ ಹೇಳಿ. ಬೇಕು ಅನಿಸಿದಾಗ ಐದು ನಿಮಿಷ ಮುಂದಕ್ಕೆ ಹಾಕಿ, ಅಷ್ಟರಲ್ಲಿ ನೀರು ಕುಡಿಯಿರಿ, ನಿಧಾನವಾಗಿ ಉಸಿರೆಳೆಯಿರಿ. ಕಾಫಿಯ ಜೊತೆ ಸೇದುವ ಅಭ್ಯಾಸವಿದ್ದರೆ ಕಾಫಿ ಕುಡಿಯುವ ಜಾಗವನ್ನೇ ಬದಲಾಯಿಸಿ. ಬಾಯಿಗೆ ಜೀರಿಗೆಯೋ ಲವಂಗವೋ ಇರಲಿ. ಎಲ್ಲಕ್ಕಿಂತ ಮುಖ್ಯ, ಮನೆಯಲ್ಲಿ, ಜೇಬಿನಲ್ಲಿ ಒಂದೇ ಒಂದು ಬೀಡಿಯೂ ಇರಬಾರದು.

ಚಂದ್ರು ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ಜಗಲಿಯಲ್ಲಿ ಕುಡಿಯುತ್ತಿದ್ದ ಕಾಫಿಯನ್ನು ಅಡುಗೆಮನೆಯಲ್ಲಿ ಹೆಂಡತಿ ಸರೋಜಳ ಎದುರು ಕೂತು ಕುಡಿಯತೊಡಗಿದ. ("ಮದ್ವೆಯಾಗಿ ಹದ್ನೈದು ವರ್ಷಕ್ಕೆ ಇವರಿಗೆ ನನ್ನ ಮುಖ ಕಂಡ್ತು" ಎಂದಳು ಅವಳು.) ಮೊದಲ ವಾರ ಸಿಕ್ಕಸಿಕ್ಕವರ ಮೇಲೆ ರೇಗಿದ. ನಿದ್ದೆ ಸರಿಯಾಗಿ ಬರಲಿಲ್ಲ. ಆದರೂ ತಡೆದುಕೊಂಡ. ಆಲೂರಿನ ಮದುವೆಯಲ್ಲಿ ಹಳೇ ದೋಸ್ತಿಗಳು ಬೀಡಿ ಚಾಚಿ, "ಒಂದು ಸೇದಿದ್ರೆ ಸತ್ತೋಗ್ಬುಡ್ತೀಯೇನೋ ಮಾರಾಯ?" ಎಂದು ಛೇಡಿಸಿದರೆ, "ಹ್ಞೂಂ ಕಣೋ, ಡಾಕ್ಟ್ರು ಹಂಗೇ ಹೇಳವ್ರೆ" ಎಂದು ನಕ್ಕು ಎದ್ದು ಬಂದ. ನಾಲ್ಕನೇ ವಾರದ ಹೊತ್ತಿಗೆ ಗುಡ್ಡ ಏರುವಾಗ ಒಂದೇ ಕಡೆ ಕೂರುತ್ತಿದ್ದ.

ಮತ್ತೆ ನಾನು?

ಆರು ವಾರದ ಹಿಂದೆ ಇದೇ ಅಂಕಣದಲ್ಲಿ "ನಾವಿಬ್ಬರೂ ಬೀಡಿ ಬಿಟ್ಟೆವು" ಎಂದು ಬರೆದಿದ್ದೆ. ಬೆಳಗೋಡಿನ ಓದುಗರೊಬ್ಬರು ಕಾರ್ಡು ಬರೆದು, ನಿಮ್ಮದನ್ನು ಓದಿ ನಾನೂ ಬಿಟ್ಟೆ ಎಂದಿದ್ದರು. ಅವರ ಕ್ಷಮೆ ಕೇಳುತ್ತೇನೆ. ನಾನು ಬಿಟ್ಟಿರಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಕಟ್ಟು ನನ್ನ ಅಂಗಿಯ ಒಳಜೇಬಿನಲ್ಲಿತ್ತು. ಚಂದ್ರು ಒಮ್ಮೆ ಅದನ್ನು ನೋಡಿದ್ದ.

"ಇದ್ಯಾಕಣ್ಣ?"

"ಇಂಬಳಕ್ಕೆ ಕಣೋ. ತೋಟದಲ್ಲಿ ಬೇಕಾಗ್ತದೆ."

ಅವನು ನಂಬಿದ. ನಮ್ಮಲ್ಲಿ ಯಾರಾದರೂ ನಂಬುತ್ತಾರೆ. ಕಚ್ಚಿದ ಇಂಬಳಕ್ಕೆ ಬೀಡಿಯ ಕೆಂಡ ತಾಗಿಸಿದರೆ ಮುದುಡಿ ಬೀಳುತ್ತದೆ. ಆದರೆ ನಾನು ದಿನಕ್ಕೆ ನಾಲ್ಕು ಬೀಡಿಯನ್ನು ಇಂಬಳವಿಲ್ಲದ ಜೀಪಿನ ಶೆಡ್ಡಿನ ಹಿಂದೆ ನಿಂತು ಸೇದುತ್ತಿದ್ದೆ.

ಚಂದ್ರು ಬೀಡಿ ಬಿಟ್ಟು ಮೂವತ್ತೆರಡು ದಿನವಾಗಿತ್ತು. ಆ ದಿನ ಏಲಕ್ಕಿ ಕೊಯ್ಯುತ್ತಿದ್ದೆವು. ಕಾಯಿ ಗಿಡದ ಬುಡದಲ್ಲಿರುವುದರಿಂದ ಕುಕ್ಕರಗಾಲಿನಲ್ಲಿ ಕೂತು, ತಲೆ ತಗ್ಗಿಸಿ ಕೊಯ್ಯಬೇಕು. ಕಿವಿಯ ಹಿಂದೆ ತಣ್ಣಗೆ ಏನೋ ಅಂಟಿದಂತಾಯಿತು. ನನಗೆ ಅದು ಕಾಣುವಂತಿಲ್ಲ. ಕೈಯೆಲ್ಲ ಕೆಸರು.

"ಚಂದ್ರು, ಒಳಜೇಬಿಂದ ಒಂದು ಬೀಡಿ ತಗಂಡು ಹಚ್ಚೋ" ಎಂದೆ.

"ಬೆರಳಲ್ಲೇ ಕಿತ್ತಾಕ್ತೀನಿ, ಇರಣ್ಣ."

"ಕಿತ್ರೆ ರಕ್ತ ನಿಲ್ಲಾಕಿಲ್ಲ. ಹಚ್ಚು ಅಂದ್ರೆ ಹಚ್ಚು!"

ಬೀಡಿಯನ್ನು ಎಳೆಯದೆ ಹಚ್ಚಲಾಗದು. ಹಚ್ಚಿದ ಮೇಲೂ ಎಳೆಯದಿದ್ದರೆ ಆರಿಹೋಗುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಇಪ್ಪತ್ತು ವರ್ಷದ ಹಿಂದೆ, ಅವನು ಮೊದಲ ಸಲ ನನ್ನೊಡನೆ ಏಲಕ್ಕಿ ಕೊಯ್ಯಲು ಬಂದ ದಿನ, ಕಾಲ ತುಂಬಾ ಇಂಬಳ ಹತ್ತಿಸಿಕೊಂಡು ಕುಣಿಯುತ್ತಿದ್ದವನ ಕೈಗೆ ಹಚ್ಚಿದ ಬೀಡಿ ಕೊಟ್ಟು, "ಎಳೀತಾ ಇರು, ಇಲ್ದಿದ್ರೆ ಆರೋಗ್ಬುಡ್ತದೆ" ಎಂದವನೇ ನಾನು. ಅವನ ಮೊದಲ ಬೀಡಿ ಅದು.

ಮಳೆಗೆ ಮೆತ್ತಗಾದ ಬೆಂಕಿಕಡ್ಡಿ. ಮೂರನೆಯದಕ್ಕೆ ಹತ್ತಿತು. ಅವನು ಎಳೆದ. ಇಂಬಳ ಬಿತ್ತು. ಬೀಡಿ ಮಾತ್ರ ಅವನ ಕೈಯಲ್ಲೇ ಉಳಿಯಿತು. ಬೆನ್ನು ತಿರುಗಿಸಿ ನಿಂತು ಅದನ್ನು ಬುಡದವರೆಗೂ ಸೇದಿದ. ನಾನು "ಬಿಸಾಕೋ" ಎನ್ನಬಹುದಿತ್ತು. ಎನ್ನಲಿಲ್ಲ.

ಯಾಕೆ ಎನ್ನಲಿಲ್ಲ ಎಂದು ಹತ್ತು ದಿನದಿಂದ ಯೋಚಿಸುತ್ತಿದ್ದೇನೆ. ಅವನು ಗೆಲ್ಲುತ್ತಿದ್ದ, ನಾನು ಕದ್ದು ಸೇದುತ್ತಿದ್ದೆ. ಅವನೂ ಸೋತರೆ ನಾನೊಬ್ಬನೇ ಸೋತವನಾಗುವುದಿಲ್ಲ. ಅಣ್ಣನಾದವನು ಹೀಗೂ ಯೋಚಿಸುತ್ತಾನೆಯೇ? ಯೋಚಿಸಿದ್ದೇನೆ.

ಇಬ್ಬರೂ ಮನೆಗೆ ಏರಿ ಬಂದೆವು. ಬಾಗಿಲಲ್ಲೇ ಸರೋಜಳಿಗೆ ವಾಸನೆ ಬಂತು. ಗಂಡನನ್ನು ಬೈಯಲಿಲ್ಲ. ನನ್ನ ಜೇಬನ್ನೇ ನೋಡಿ, "ಬಾವ, ಇಂಬಳ ಹೊಟ್ಟೆ ತುಂಬಿದ್ರೆ ತಾನೇ ಉದುರ್ತದೆ. ಇದು ಉದುರ್ತದಾ?" ಎಂದಳು.

ಮಾರನೆ ದಿನವೇ ಸಕಲೇಶಪುರಕ್ಕೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿಬಿಡೋಣ ಎಂದುಕೊಂಡು ಎದ್ದರೆ, ಚಂದ್ರು ಆಗಲೇ ಜಗಲಿಯಲ್ಲಿ ಕೂತು ಹಳೇ ಪಂಚೆಯ ಬಟ್ಟೆಯಲ್ಲಿ ಕಲ್ಲುಪ್ಪು ಗಂಟು ಕಟ್ಟಿ, ಗೇಣುದ್ದದ ಕಡ್ಡಿಗಳ ತುದಿಗೆ ಬಿಗಿಯುತ್ತಿದ್ದ. ನೀರಲ್ಲಿ ನೆನೆಸಿ ತಾಗಿಸಿದರೆ ಸಾಕು, ಇಂಬಳ ಬಿಡುತ್ತದೆ. ಅಜ್ಜಿಯ ಕಾಲದಿಂದ ಇದ್ದದ್ದೇ. ನಾವೇ ಮರೆತಿದ್ದೆವು. ಅಥವಾ ಮರೆತರೆ ನಮಗೆ ಅನುಕೂಲವಿತ್ತು.

"ಒಂದು ಸೇದಿದ್ರೆ ಎಲ್ಲಾ ಹೋಯ್ತು ಅಂತಲ್ಲ, ಎರಡನೇದು ಹಚ್ಚಬಾರ್ದು ಅಷ್ಟೆ. ಅವತ್ತೇ ಡಾಕ್ಟ್ರು ಹೇಳಿದ್ರು. ನೀನು ಅದನ್ನ ಬರ್ಕಳ್ಳಲಿಲ್ಲ" ಎಂದ. ಆಮೇಲೆ ಒಂದು ಕಡ್ಡಿಯನ್ನು ನನ್ನ ಕೈಗಿಟ್ಟ. "ಇದು ನಿಂದು. ಈಗ ಜೇಬಲ್ಲಿರೋದು ಈಚೆಗೆ ತಗಿಯಣ್ಣ."

ತೆಗೆದೆ. ಬಚ್ಚಲ ಒಲೆಗೆ ಹಾಕಿದೆ. ಇವತ್ತಿಗೆ ಇಬ್ಬರಿಗೂ ಒಂಬತ್ತು ದಿನ. ನನಗೆ ಸಿಡುಕು, ಬಾಯಿ ತುಂಬ ಜೀರಿಗೆ. ಐದು ನಿಮಿಷ ತಡೆದರೆ ಆಸೆ ನಿಜವಾಗಿಯೂ ಇಳಿಯುತ್ತದೆ, ಡಾಕ್ಟರು ಸುಳ್ಳು ಹೇಳಿರಲಿಲ್ಲ. (ಜೀಪಿನ ಸೀಟಿನ ಕೆಳಗೆ ಇನ್ನೊಂದು ಕಟ್ಟಿರುವುದು ಈ ಸಾಲು ಬರೆಯುವಾಗ ನೆನಪಾಯಿತು. ಎದ್ದು ಹೋಗಿ ಅದನ್ನೂ ಒಲೆಗೆ ಹಾಕಿ ಬಂದು ಮುಂದುವರಿಸುತ್ತಿದ್ದೇನೆ.)

ನನ್ನ ಬೀಡಿಗೆ ನಾನು ಇಂಬಳದ ಹೆಸರಿಟ್ಟಿದ್ದೆ. ನಿಮ್ಮ ಜೇಬಿನಲ್ಲಿರುವುದಕ್ಕೆ ನೀವು ಏನೆಂದು ಹೆಸರಿಟ್ಟಿದ್ದೀರಿ?