ನಡುವಿನ ದೇಶದಲ್ಲಿ ಒಂದು ಹಗಲು

ನಿನ್ನೆ ರಕ್ತದೊತ್ತಡದ ಮಾತ್ರೆ ತರಲು ಹೋಗಿದ್ದೆ. ಔಷಧಿ ಅಂಗಡಿಯ ಹಮೀದಣ್ಣ ಮಾತ್ರೆ ಕೊಡುವ ಮೊದಲು ತನ್ನ ಫೋನನ್ನು ನನ್ನ ಮುಂದೆ ಹಿಡಿದ. ಹೆಂಡತಿಯನ್ನು ವಿದೇಶದಲ್ಲಿರುವ ಮಗಳ ಮನೆಗೆ ಕಳಿಸಲು ನೋಡಿಟ್ಟ ಟಿಕೆಟ್ಟು. ನಡುವೆ ಒಂದು ಕಡೆ ವಿಮಾನ ಬದಲಿಸಬೇಕು. "ನಡುವಿನ ದೇಶಕ್ಕೂ ವೀಸಾ ಬೇಕಾ ಅಕ್ಕ? ಅಲ್ಲಿ ಇಳಿದು ಹತ್ತುದು ಮಾತ್ರ ಅಲ್ವಾ?" ಎಂದು ಕೇಳಿದ.

ನಾನು ವಿಮಾನ ಹತ್ತಿದ್ದು ಜೀವನದಲ್ಲಿ ಒಂದೇ ಪ್ರಯಾಣಕ್ಕೆ. ಆದರೆ ನಮ್ಮೂರು ಸಂಪಾಜೆಯಲ್ಲಿ ತಜ್ಞೆಯಾಗಲು ಅಷ್ಟು ಸಾಕು. ಗಂಟಲು ಸರಿಮಾಡಿಕೊಂಡು ಹೇಳಿದೆ. ಕೆಲವು ದೇಶಗಳು ಇಳಿದು ಹತ್ತುವುದಕ್ಕೂ ನಮ್ಮವರಿಂದ ಟ್ರಾನ್ಸಿಟ್ ವೀಸಾ ಕೇಳುತ್ತವೆ, ಕೆಲವು ಕೇಳುವುದಿಲ್ಲ. ಹೋಗುವ ದೇಶದ ವೀಸಾ ಯಾವುದು ಎನ್ನುವುದರ ಮೇಲೆ ಕೆಲವೊಮ್ಮೆ ವಿನಾಯಿತಿಯೂ ಇರುತ್ತದೆ. ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದರೆ ನಡುವೆ ಪೆಟ್ಟಿಗೆ ತೆಗೆದುಕೊಳ್ಳಲು ಹೊರಗೆ ಹೋಗಬೇಕಾದೀತು, ಹೊರಗೆ ಹೋಗುವುದೆಂದರೆ ಅದಕ್ಕೆ ಬೇರೆಯೇ ವೀಸಾ. ನಿಯಮಗಳು ಬದಲಾಗುತ್ತಲೇ ಇರುತ್ತವೆ, ಆದ್ದರಿಂದ ಟಿಕೆಟ್ ಕೊಳ್ಳುವ ಮುಂಚೆ ಆ ದೇಶದ ಕಚೇರಿಯಲ್ಲೂ ವಿಮಾನದವರಲ್ಲೂ ಕೇಳು, ನನ್ನ ಮಾತನ್ನೇ ನಂಬಿಕೊಂಡು ಹೋಗಬೇಡ ಎಂದೆ. ಕೆಮ್ಮಿನ ಔಷಧಿಗೆ ಬಂದಿದ್ದ ಇಬ್ಬರು ಕೆಮ್ಮುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

ಇಷ್ಟನ್ನು ನಾನು ಎಲ್ಲಿ ಕಲಿತೆ ಎಂದು ಹಮೀದಣ್ಣ ಕೇಳಲಿಲ್ಲ. ನಿಮಗೆ ಹೇಳುತ್ತೇನೆ.

ನನ್ನ ಗಂಡನ ಮನೆಯಲ್ಲಿ ಅಣ್ಣತಮ್ಮಂದಿರು ಮೂವರು. ಹಿರಿಯವರ ಹೆಂಡತಿ ಲೀಲಕ್ಕ, ಎರಡನೆಯವರ ಹೆಂಡತಿ ನಾನು. ಕಿರಿಯವನ ಮಗಳು ದೀಪಾ ಚಿಕ್ಕವಳಿದ್ದಾಗಲೇ ಅವಳ ತಾಯಿ ತೀರಿಕೊಂಡಳು. ಹುಡುಗಿ ಶಾಲೆಯ ದಿನಗಳಲ್ಲಿ ಸಂಪಾಜೆಯ ನಮ್ಮ ಮನೆಯಲ್ಲಿ, ರಜೆ ಬಂದರೆ ಮಡಿಕೇರಿಯ ಲೀಲಕ್ಕನ ಮನೆಯಲ್ಲಿ ಬೆಳೆದಳು. ನರ್ಸಿಂಗ್ ಓದಿ ಕೆನಡಾಕ್ಕೆ ಹೋದಳು. ಬಸುರಿಯಾದಾಗ ಫೋನ್ ಮಾಡಿ, ಬಾಣಂತನಕ್ಕೆ ಇಬ್ಬರೂ ಬರಬೇಕು, ಒಬ್ಬರು ಬಂದು ಒಬ್ಬರು ಬಾರದಿದ್ದರೆ ಯಾರೂ ಬೇಡ ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು.

ಅವಳು ಹಾಗೆ ಹೇಳಲು ಕಾರಣವಿತ್ತು. ನಾವು ಓರಗಿತ್ತಿಯರು ವರ್ಷಗಳಿಂದ ಮಾತು ಬಿಟ್ಟಿದ್ದೆವು. ನಮ್ಮ ಅತ್ತೆ ನನ್ನ ಜೊತೆಗೇ ಇದ್ದರು. ಒಂದು ಬೆಳಿಗ್ಗೆ ಅವರಿಗೆ ಎದೆನೋವು ಬಂತು. ಪಕ್ಕದ ಮನೆಯವರ ಜೀಪಿನಲ್ಲಿ ಸುಳ್ಯದ ಆಸ್ಪತ್ರೆಗೆ ಸೇರಿಸಿದೆ. ಲೀಲಕ್ಕನಿಗೆ ಅಂದೂ ಫೋನ್ ಮಾಡಿದೆ, ಮಾರನೆಯ ದಿನವೂ ಮಾಡಿದೆ. ಅವಳು ಬರುವಷ್ಟರಲ್ಲಿ ಅತ್ತೆಯನ್ನು ಮನೆಗೆ ತಂದು ಅಂಗಳದಲ್ಲಿ ಮಲಗಿಸಿದ್ದೆವು. ನೆಂಟರಿಷ್ಟರೆಲ್ಲ ನೆರೆದಿದ್ದ ಆ ಅಂಗಳದಲ್ಲಿ ಅವಳು ಎಲ್ಲರಿಗೂ ಕೇಳುವಂತೆ, ಮಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದ್ದರೆ ಅತ್ತೆ ಬದುಕುತ್ತಿದ್ದರು, ಇವಳು ತಡ ಮಾಡಿದಳು ಎಂದಳು. ನಾನು ಏನೂ ಹೇಳಲಿಲ್ಲ. ಆಮೇಲೆಯೂ ಏನೂ ಹೇಳಲಿಲ್ಲ. ಮದುವೆ ಮನೆಗಳಲ್ಲಿ ಒಂದೇ ಪಂಕ್ತಿಯಲ್ಲಿ ಕೂತರೂ ನಮ್ಮ ನಡುವೆ ಯಾರಾದರೊಬ್ಬರು ಇರುವಂತೆ ಇಬ್ಬರೂ ನೋಡಿಕೊಂಡೆವು.

ದೀಪಾಳ ಹಟಕ್ಕೆ ಸೋತು ಕೊನೆಗೆ ಇಬ್ಬರೂ ಹೊರಟೆವು. ಬೆಂಗಳೂರಿನ ವಿಮಾನ ನಿಲ್ದಾಣದ ಸಾಲಿನಲ್ಲಿ ನಮ್ಮ ಮುಂದಿದ್ದವನೊಬ್ಬನಿಗೆ ನಡುವಿನ ದೇಶದ ಟ್ರಾನ್ಸಿಟ್ ವೀಸಾ ಇರಲಿಲ್ಲ. ಕೌಂಟರಿನವರು ವಿಮಾನ ಹತ್ತಿಸಲು ಒಪ್ಪಲಿಲ್ಲ. ಪಕ್ಕಕ್ಕೆ ಸರಿದು, ಪೆಟ್ಟಿಗೆಯ ಮೇಲೆಯೇ ಕೂತು ಅವನು ಯಾರಿಗೋ ಫೋನ್ ಮಾಡತೊಡಗಿದ. ಅದನ್ನು ನೋಡಿ ನಾನು ನಮ್ಮ ಕಾಗದಗಳನ್ನೆಲ್ಲ ಮತ್ತೊಮ್ಮೆ ತೆಗೆದು ನೋಡಿಕೊಂಡೆ. ನಮ್ಮ ಪಾಸ್‌ಪೋರ್ಟ್ ತಿರುವಿ ನೋಡಿದ ಹುಡುಗಿ, ಕೆನಡಾದ ವೀಸಾ ಇರುವುದರಿಂದ ನೀವು ಒಳಗಿಂದೊಳಗೇ ವಿಮಾನ ಬದಲಿಸಬಹುದು, ನಿಲ್ದಾಣದಿಂದ ಹೊರಗೆ ಮಾತ್ರ ಹೋಗುವಂತಿಲ್ಲ ಎಂದಳು. ಅಪರಿಚಿತ ಊರಿನಲ್ಲಿ ಹೊರಗೆ ಹೋಗುವ ಆಸೆ ಯಾರಿಗಿತ್ತು! ತಲೆಯಾಡಿಸಿದೆ.

ಯುರೋಪಿನ ಆ ನಿಲ್ದಾಣದಲ್ಲಿ ಇಳಿದಾಗ ಗಾಜಿನ ಆಚೆ ಹಿಮ ಸುರಿಯುತ್ತಿತ್ತು. ಮೊದಲ ಸಲ ನೋಡಿದ್ದರಿಂದ ಚಂದವೇ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಬೋರ್ಡಿನಲ್ಲಿ ನಮ್ಮ ವಿಮಾನದ ಹೆಸರಿನ ಎದುರು ಕೆಂಪಕ್ಷರ ಬಂತು. ಹಿಮದಿಂದಾಗಿ ರದ್ದಾಗಿದೆ, ಇನ್ನು ನಾಳೆ ಬೆಳಿಗ್ಗೆಯೇ ವಿಮಾನ. ಕಂಪನಿಯವರು ಎಲ್ಲರನ್ನೂ ಹೋಟೆಲಿಗೆ ಕಳಿಸುತ್ತಿದ್ದರು. ನಮ್ಮ ಸರದಿ ಬಂದಾಗ ಅಲ್ಲಿದ್ದ ಹೆಂಗಸು ನನ್ನ ಪಾಸ್‌ಪೋರ್ಟ್ ನೋಡಿ ತಲೆ ಅಲ್ಲಾಡಿಸಿದಳು. ಹೋಟೆಲು ಇರುವುದು ಹೊರಗೆ, ಅವರ ದೇಶದೊಳಗೆ. ಅಲ್ಲಿಗೆ ಕಾಲಿಡಲು ನನಗೆ ವೀಸಾ ಇಲ್ಲ. ಲೀಲಕ್ಕನ ಪಾಸ್‌ಪೋರ್ಟಿನಲ್ಲಿ ಇತ್ತು. ಹಿಂದಿನ ವರ್ಷ ಭಾವನೊಡನೆ ಟೂರಿನವರ ಜೊತೆ ಯುರೋಪು ನೋಡಿ ಬಂದಿದ್ದಳು, ಎಷ್ಟು ಸಲ ಬೇಕಾದರೂ ಹೋಗಬಹುದಾದ ಆ ವೀಸಾದ ಅವಧಿ ಇನ್ನೂ ಮುಗಿದಿರಲಿಲ್ಲ. ಹೆಂಗಸು ಅವಳಿಗೆ ಹೋಟೆಲಿನ ಕೂಪನ್ನು ಕೊಟ್ಟಳು. ನನಗೆ ಒಂದು ಕಂಬಳಿಯನ್ನೂ ಊಟದ ಚೀಟಿಯನ್ನೂ ಕೊಟ್ಟಳು.

ನಾನು ಕಂಬಳಿ ಹಿಡಿದು ಹೋಗಿ ಕಿಟಕಿಯ ಬದಿಯ ಬೆಂಚಿನಲ್ಲಿ ಕೂತೆ. ನಿಜ ಹೇಳಬೇಕೆಂದರೆ ಹೆದರಿಕೆಯಾಗಿತ್ತು. ನನ್ನ ಇಂಗ್ಲಿಷು ಕಾಫಿ ಮಾರುವಾಗ ಡಿಪೋದಲ್ಲಿ ಔಟ್‌ಟರ್ನ್, ಮಾಯಿಶ್ಚರ್ ಎಂದು ಬೀಜದ ಇಳುವರಿ, ತೇವ ಕೇಳುವಷ್ಟರದ್ದು. ಲೀಲಕ್ಕ ಮಂಡಿನೋವಿನವಳು, ವಿಮಾನದಲ್ಲಿ ರಾತ್ರಿಯಿಡೀ ಕಾಲು ತಿಕ್ಕಿಕೊಳ್ಳುತ್ತಲೇ ಇದ್ದಳು. ಅವಳಿಗೆ ಹಾಸಿಗೆ ಬೇಕಿತ್ತು. ಹೋಗುವವರೆಲ್ಲ ಸಾಲಾಗಿ ಹೋದರು. ಅವಳೂ ಹೋಗಿರಬೇಕೆಂದು ನಾನು ಆ ಕಡೆ ನೋಡಲೇ ಇಲ್ಲ. ಕೊನೆಗೆ ತಲೆಯೆತ್ತಿ ನೋಡುವಾಗ ಅವಳು ತನ್ನ ಕೈಚೀಲ ಎಳೆದುಕೊಂಡು ಬಂದು ನನ್ನ ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದಳು.

ಅಷ್ಟು ವರ್ಷಗಳ ನಂತರ ಮೊದಲು ಮಾತಾಡಿದವಳು ನಾನೇ. "ನೀವು ಹೋಗಿ ಅಕ್ಕ. ನಿಮ್ಮ ಮಂಡಿಗೆ ಈ ಬೆಂಚು ಆಗುದಿಲ್ಲೆ."

"ನಾ ಹೋಗುದಿಲ್ಲೆ," ಎಂದಳು. "ನೀ ಇಲ್ಲಿ ಒಬ್ಳೇ ಕೂತ್ರೆ ನಂಗೆ ಅಲ್ಲಿ ನಿದ್ದೆ ಬರ್ತದಾ?"

ಕಂಬಳಿಯ ಅರ್ಧವನ್ನು ಅವಳ ಕಾಲ ಮೇಲೆ ಹಾಕಿದೆ. ಬೇಡ ಅನ್ನಲಿಲ್ಲ. ಊಟದ ಚೀಟಿಗೆ ಬ್ರೆಡ್ಡೂ ಉಪ್ಪಿಲ್ಲದ ಸೂಪೂ ಸಿಕ್ಕಿತು. ಕೆನಡಾದವರು ಹಿಡಿದರೆ ಹಿಡಿಯಲಿ ಎಂದು ದೀಪಾಳಿಗಾಗಿ ಅವಳು ಒಯ್ಯುತ್ತಿದ್ದ ಕಣಿಲೆಯ, ಅಂದರೆ ಎಳೆ ಬಿದಿರಿನ, ಉಪ್ಪಿನಕಾಯಿಯ ಪೊಟ್ಟಣವನ್ನು ಬಿಚ್ಚಿ, ಬ್ರೆಡ್ಡಿಗೆ ಹಚ್ಚಿಕೊಂಡು ಇಬ್ಬರೂ ತಿಂದೆವು. ಅಕ್ಕಪಕ್ಕದವರು ಮೂಗು ಅರಳಿಸಿ ನೋಡಿದರು. ಹೊರಗೆ ಗಾಡಿಗಳು ಹಿಮ ಗುಡಿಸುತ್ತಿದ್ದವು, ಗುಡಿಸಿದಲ್ಲಿಗೇ ಮತ್ತೆ ಬೀಳುತ್ತಿತ್ತು.

ಮಧ್ಯಾಹ್ನ ಕಳೆದ ಮೇಲೆ ಅವಳು ಕಿಟಕಿಯನ್ನೇ ನೋಡುತ್ತ ಹೇಳಿದಳು. "ನೀ ಫೋನ್ ಮಾಡಿದ ದಿನ ನಂಗೆ ಬರಬಹುದಿತ್ತು. ಕಾರೂ ಇತ್ತು, ಡ್ರೈವರೂ ಇದ್ದ. ನಾಳೆ ಹೋದ್ರೆ ಸಾಕು ಅಂತ ಎಣಿಸಿದೆ. ಎರಡನೇ ದಿನವೂ ಹಾಗೇ ಎಣಿಸಿದೆ." ಕಂಬಳಿಯ ಅಂಚನ್ನು ಮಡಚುತ್ತ ಮುಂದುವರಿಸಿದಳು, "ಅಂಗಳದಲ್ಲಿ ಎಲ್ರೂ ನನ್ನ ಮುಖ ನೋಡ್ತಿದ್ರು. ನೀ ಯಾಕೆ ಬರಲಿಲ್ಲ ಅಂತ ಯಾರಾದ್ರೂ ಕೇಳುವ ಮೊದ್ಲು ನಾನೇ ನಿನ್ನ ಮೇಲೆ ಹಾಕಿದೆ."

ಈ ಮಾತನ್ನು ಕೇಳಬೇಕೆಂದು ನಾನು ಎಷ್ಟು ಸಲ ಬಯಸಿದ್ದೆನೋ. ಕೇಳಿದರೆ ಏನೇನು ಹೇಳಬೇಕೆಂದು ಸ್ನಾನದ ಮನೆಯಲ್ಲಿ, ಕಾಫಿ ಕೊಯ್ಯುವಾಗ, ಬಸ್ಸಿನಲ್ಲಿ ಜೋಡಿಸಿ ಇಟ್ಟುಕೊಂಡಿದ್ದೆ. ಅದರಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಹಾಗೆಂದು ಪರವಾಗಿಲ್ಲ ಬಿಡಿ ಅನ್ನಲೂ ಆಗಲಿಲ್ಲ. ಪರವಾಗಿತ್ತು.

"ಅತ್ತೆ ನನ್ನ ಕೇಳಿದ್ರಾ?" ಎಂದಳು.

ಕೇಳಿದ್ದರು. ಎರಡೂ ದಿನ ಕೇಳಿದ್ದರು. ಆ ವರ್ಷಗಳಲ್ಲೆಲ್ಲ ಅವಳಿಗೆ ಚುಚ್ಚಲೆಂದೇ ನಾನು ಜೋಪಾನ ಮಾಡಿಟ್ಟಿದ್ದ ಮಾತು ಅದು. ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಚುಚ್ಚುವ ಆಸೆಯೂ ಆಗ ಉಳಿದಿರಲಿಲ್ಲ.

"ಕೇಳಿದ್ರು," ಎಂದೆ. "ನಾಳೆ ಬರ್ತಾಳೆ ಅಂದೆ. ಹಾಗಾದ್ರೆ ಸರಿ ಅಂತ ಆಚೆ ತಿರುಗಿ ಮಲಗಿದ್ರು."

ಲೀಲಕ್ಕ ಕಂಬಳಿಯನ್ನು ಮುಖದವರೆಗೆ ಎಳೆದುಕೊಂಡಳು. ನಾನು ಅವಳ ಮಂಡಿ ಒತ್ತುತ್ತ ಕೂತೆ.

ಮಾರನೆಯ ಬೆಳಿಗ್ಗೆ ವಿಮಾನ ಹೊರಟಿತು. ಕೆನಡಾದಲ್ಲಿ ಇದ್ದಷ್ಟು ದಿನ ಮಗುವಿಗೆ ಎಣ್ಣೆ ಹಚ್ಚುವುದರಿಂದ ಹಿಡಿದು ಸಾರಿನ ಹುಳಿಯವರೆಗೆ ಎಲ್ಲದಕ್ಕೂ ಜಗಳವಾಡಿದೆವು. ಮಾತಿಲ್ಲದೆ ಇದ್ದದ್ದೇ ಶಾಂತವಾಗಿತ್ತು ಎಂದು ದೀಪಾ ನಕ್ಕಳು. ಈಗಲೂ ನಾವು ಅನ್ಯೋನ್ಯರೇನಲ್ಲ. ಅವಳ ಕೆಲವು ಮಾತು ನನಗೆ ಈಗಲೂ ಹಿಡಿಸುವುದಿಲ್ಲ. ಅವಳಿಗೂ ಹಾಗೇ ಇರಬೇಕು.

ನಾಳೆ ನಮ್ಮ ಮನೆಯಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವ ದಿನ. ಇದನ್ನು ಬರೆಯುತ್ತ ಕೂತಿದ್ದಾಗ ಅಂಗಳದಲ್ಲಿ ಆಟೋ ನಿಂತ ಸದ್ದಾಯಿತು. ಲೀಲಕ್ಕ ಚೀಲ ಹಿಡಿದು ಇಳಿದಳು. ನಾಳೆ ಬೆಳಿಗ್ಗೆ ಬಂದಿದ್ದರೂ ಸಾಕಿತ್ತಲ್ಲ ಅಕ್ಕ, ಈ ಕಾಲಿನಲ್ಲಿ ಮಡಿಕೇರಿಯಿಂದ ಬಸ್ಸು ಹತ್ತಿ ಯಾಕೆ ಬಂದಿರಿ ಎಂದೆ.

"ಇವತ್ತೇ ಬಂದೆ," ಎಂದಳು. ಚೀಲವನ್ನು ಜಗಲಿಯಲ್ಲಿಟ್ಟು ನೇರ ಅಡುಗೆಮನೆಗೆ ಹೋದಳು.