ಮಾವ ತೂಗಿ ತಂದ ಕಂಪ್ಯೂಟರ್

ಹೊಲದಲ್ಲಿ ಓಡಿಸುವುದು ಸಾಲದೆಂದು ನಮ್ಮ ಮಾವ ತಾತ್ಯಾಸಾಹೇಬರಿಗೆ ಕಂಪ್ಯೂಟರ್ ಆಟದಲ್ಲೂ ಟ್ರ್ಯಾಕ್ಟರ್ ಓಡಿಸುವ ಆಸೆ. ರಾಯಬಾಗದ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಇಮ್ರಾನ ಬಿಡಿಭಾಗಗಳನ್ನು ಹರವಿದ. ನಮ್ಮ ಬಜೆಟ್ಟಿನಲ್ಲಿ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ದೊಡ್ಡದಾದರೆ ಒಳಗೆ ಕರೆಂಟು ಹಂಚುವ ಪವರ್ ಸಪ್ಲೈ ಅಗ್ಗದ್ದೇ ಆಗಬೇಕು. ಪಂಪ್‌ಸೆಟ್ ಚಾಲೂ ಆದರೆ ಸಾಕು, ನಮ್ಮೂರ ಕರೆಂಟು ಕುಣಿಯುತ್ತದೆ. ನನ್ನ ಮಗು ಮಲಗುವುದೂ ಕಂಪ್ಯೂಟರ್ ಇಡುವ ಕೋಣೆಯಲ್ಲೇ!

"ಅಗ್ಗದ್ದಕ್ಕ ಬೆಂಕಿ ಹತ್ತಿದ್ರ ಹೆಂಗ್ರಿ ಮಾವಾರ?"

"ಅಂಜಬ್ಯಾಡವಾ." ಮಾವ ಎರಡು ಪವರ್ ಸಪ್ಲೈಗಳನ್ನು ಕಲ್ಲಂಗಡಿಯಂತೆ ಕೈಯಲ್ಲಿ ತೂಗಿದರು. "ಇದು ಹಗರ ಐತಿ, ಒಳಗ ಏನೂ ಇಲ್ಲ. ವಜನ ಇದ್ದದ್ದ ಕೊಡಪಾ. ಕಾರ್ಡ್ ಸಣ್ಣದ ಇರ್ಲಿ."

"ಆಟದಾಗ ಕಬ್ಬು ಮಸುಕ ಕಾಣ್ತೈತ್ರಿ ಕಾಕಾ," ಎಂದು ಇಮ್ರಾನ ನಕ್ಕ.

"ಹೊಲದಾಗೂ ಚಷ್ಮಾ ಇಲ್ಲಂದ್ರ ನನಗ ಹಂಗ ಕಾಣ್ತೈತಿ!"

ಈಗಲೂ ಬಲ್ಬು ಮಂಕಾದಾಗಲೆಲ್ಲ ನಾನು ಓಡಿಹೋಗಿ ಕಂಪ್ಯೂಟರಿನ ಪೆಟ್ಟಿಗೆ ಮುಟ್ಟಿ ನೋಡುತ್ತೇನೆ. ತಣ್ಣಗಿರುತ್ತದೆ. ಮಗು ಮಾವನ ತೊಡೆಯ ಮೇಲೆ ನಿದ್ದೆಹೋಗಿರುತ್ತದೆ. ಮಾವ ಮಸುಕು ಕಬ್ಬಿನ ನಡುವೆ ಟ್ರ್ಯಾಕ್ಟರ್ ತಿರುಗಿಸುತ್ತಿರುತ್ತಾರೆ.